ಗಾಣಿಗನಕೊಳ್ಳದ ಎರಡನೇ ಯಂತ್ರ

ತಕ್ಕಡಿ ಬಂದ ಮೇಲೆ ರಾಜಧಾನಿಯವರಿಗೆ ‘ಕರೆಂಟ್ ಹೋಯಿತು’ ಎನ್ನುವ ಮಾತು ಮರೆತೇಹೋಗಿತ್ತು. ಹೊಸಸೀಗೂರಿನವರು ಅದನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು.

ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ಆದ್ಯತಾ ಹಂಚಿಕೆ ವ್ಯವಸ್ಥೆ. ತಕ್ಕಡಿ ಎಂದು ಕರೆದದ್ದು ಜನ. ವಿದ್ಯುತ್ ಜಾಲದಲ್ಲಿ ಎಲ್ಲ ಸ್ಥಾವರಗಳೂ ಸೇರಿ ಹುಟ್ಟಿಸುವ ವಿದ್ಯುತ್ತು, ಎಲ್ಲ ಮನೆ, ಕಾರ್ಖಾನೆ, ಪಂಪುಗಳೂ ಸೇರಿ ಬಳಸುವ ವಿದ್ಯುತ್ತು ಪ್ರತಿ ಕ್ಷಣವೂ ಸರಿಸಮನಾಗಿರಬೇಕು. ಬಳಕೆ ಹೆಚ್ಚಿದರೆ ಸೆಕೆಂಡಿಗೆ ಐವತ್ತು ಇರಬೇಕಾದ ಆವರ್ತನ ಇಳಿಯುತ್ತದೆ. ನಲವತ್ತೆಂಟಕ್ಕಿಂತ ಕೆಳಗೆ ಹೋಯಿತೆಂದರೆ ಸ್ಥಾವರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಹಾಗಾಗಬಾರದೆಂದರೆ ಯಾರಿಗಾದರೂ ಕರೆಂಟು ಕಡಿಯಲೇಬೇಕು. ಹಿಂದೆ ಊರೂರಿಗೆ ಪಾಳಿ ಹಾಕಿ ಕಡಿಯುತ್ತಿದ್ದರು. ತಕ್ಕಡಿ ಪ್ರತಿ ಮೀಟರಿಗೂ ಒಂದು ತೂಕ ಕೊಟ್ಟಿತು. ಒಂದು ಯೂನಿಟ್ ವಿದ್ಯುತ್ತು ಆ ಜಾಗದಲ್ಲಿ ಎಷ್ಟು ಉತ್ಪಾದನೆಗೆ ಕಾರಣವಾಗುತ್ತದೆ ಎಂಬುದರ ಮೇಲೆ ಒಂದರಿಂದ ನೂರರವರೆಗೆ ಅಂಕ. ಕೊರತೆ ಬಿದ್ದಾಗ ಕಡಿಮೆ ಅಂಕದವರ ಮೀಟರು ತಾನಾಗಿಯೇ ಆರುತ್ತಿತ್ತು. ರಾಜಧಾನಿಯ ಹೊರವಲಯದಲ್ಲಿ ಸಾವಿರಾರು ಕಂಪ್ಯೂಟರುಗಳಿದ್ದ ದೊಡ್ಡ ಗಣಕಾಗಾರದ ತೂಕ ತೊಂಬತ್ತಾರು. ತಾಳಕೆರೆ ತಾಲೂಕು ಆಸ್ಪತ್ರೆಯದು ಮೂವತ್ತೆಂಟು. ಹೊಸಸೀಗೂರಿನ ಮನೆಗಳದು ಹನ್ನೊಂದು.

ತಕ್ಕಡಿಯ ಗಣಕಗಳಿದ್ದದ್ದು ಆ ಗಣಕಾಗಾರದಲ್ಲೇ. ತನ್ನ ತೂಕವನ್ನೂ ಅದೇ ತೂಗಿಕೊಂಡಿತ್ತು. ಇದು ವಿಚಿತ್ರವೆಂದು ಯಾರಿಗೂ ಆಗ ಅನ್ನಿಸಿರಲಿಲ್ಲ.

ಗಾಣಿಗನಕೊಳ್ಳದ ಜಲವಿದ್ಯುದಾಗಾರ ಮನುಷ್ಯರು ಕೂತು ನಡೆಸುತ್ತಿದ್ದ ಕೊನೆಯ ಕೆಲವು ಸ್ಥಾವರಗಳಲ್ಲಿ ಒಂದು. ಮೇಲಿನ ಜಲಾಶಯದಿಂದ ನೂರಹತ್ತು ಮೀಟರ್ ಕೆಳಗೆ ಧುಮುಕುವ ನೀರು ಅಲ್ಲಿ ಎರಡು ಯಂತ್ರಗಳನ್ನು ತಿರುಗಿಸುತ್ತಿತ್ತು. ಒಂದೊಂದು ಎಂಟು ಮೆಗಾವ್ಯಾಟಿನದು. ಬಯಲುಸೀಮೆಯ ಸೌರ ಮೈದಾನಗಳು ಸಾವಿರಗಟ್ಟಲೆ ಮೆಗಾವ್ಯಾಟ್ ಕೊಡುವ ಕಾಲದಲ್ಲಿ ಇದು ಯಾವ ಮೂಲೆಗೂ ಸಾಲದು. ಮುಂದಿನ ಮಾರ್ಚಿಗೆ ಮುಚ್ಚುವುದೆಂದು ತೀರ್ಮಾನವೂ ಆಗಿತ್ತು.

ಅಲ್ಲಿನ ಶಿಫ್ಟ್ ಇಂಜಿನಿಯರ್ ರಾಜಮಣಿಗೆ ಐವತ್ತೆರಡು ವರ್ಷ. ಇಪ್ಪತ್ತೇಳು ವರ್ಷ ಅದೇ ಯಂತ್ರಗಳ ಜೊತೆ ಕಳೆದವಳು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ವಿದ್ಯುದಾಗಾರದ ಕಾಲೊನಿಯ ಮನೆಯಲ್ಲಿ ಅವಳೂ ಅವಳ ಅತ್ತೆ ದೊಡ್ಡತಾಯಮ್ಮನೂ ಇಬ್ಬರೇ.

ಮೇ ತಿಂಗಳ ಆ ಮಂಗಳವಾರ ಬೆಳಿಗ್ಗೆ ದೊಡ್ಡತಾಯಮ್ಮ ತಾಳಕೆರೆ ಆಸ್ಪತ್ರೆಗೆ ಹೊರಟಿದ್ದಳು. ಮೂತ್ರಪಿಂಡ ಕೈಕೊಟ್ಟು ಎರಡು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ರಾಗಿರೊಟ್ಟಿಯನ್ನು ಮುರಿದು ಮುರಿದು ತಿನ್ನುತ್ತಾ ಕೇಳಿದಳು:

“ಇವತ್ತೂ ಮಧ್ಯಾನ ತೆಗಿತಾರಾ ಕರೆಂಟ?”

“ಬಿಸಿಲು ಚೆನ್ನಾಗದೆ ಅತ್ತೆ. ತೆಗಿಯಲ್ಲ ಅನ್ಸುತ್ತೆ.”

“ಹೋದ್ವಾರ ತೆಗುದ್ರಲ್ಲ. ಬ್ಯಾಟ್ರಿ ಕುಂಯ್ ಅಂತಿತ್ತು. ಆ ಸಿಸ್ಟರ್ ಹೆಣ್ಮಗ ಬೆವ್ತೋಗಿತ್ತು ಪಾಪ.” ಅವಳು ನೀರು ಕುಡಿದಳು, ವೈದ್ಯರು ಹೇಳಿದ್ದ ಅಳತೆಯಷ್ಟೇ. “ನಮ್ಮೂರ್ ಮುಳುಗ್ಸಿ ನೀರ್ ನಿಲ್ಸುದ್ರು. ಆ ನೀರಲ್ ಕರೆಂಟ್ ತಗುದ್ರು. ಈಗ ನೋಡುದ್ರೆ ನಿಮ್ ತೂಕ ಹನ್ನೊಂದೇಯ ಅಂತಾವ್ರೆ. ತೂಗೋನು ಯಾವನು ಅಂತ ವಸಿ ಕೇಳವ್ವ.”

“ಯಾವನೂ ಅಲ್ಲ ಅತ್ತೆ. ಮಿಷನ್ನು.”

“ಮಿಷನ್ನೇ ಆಗ್ಲಿ. ಅದುನ್ನ ಮಾಡ್ದೋನ್ ಒಬ್ಬ ಇರ್ಬೇಕಲ್ಲ.”

ದೊಡ್ಡತಾಯಮ್ಮ ಮದುವೆಯಾಗಿ ಸೀಗೂರಿಗೆ ಬಂದ ಎರಡನೇ ವರ್ಷವೇ ಊರು ಜಲಾಶಯದ ಪಾಲಾಗಿತ್ತು. ಅಲ್ಲಿಂದ ಎಬ್ಬಿಸಿದವರಿಗೆ ಕಟ್ಟಿಕೊಟ್ಟದ್ದು ಹೊಸಸೀಗೂರು. ಅವಳ ನೆಂಟರಿಷ್ಟರೆಲ್ಲ ಈಗಲೂ ಅಲ್ಲೇ ಇದ್ದರು. ರಾಜಮಣಿ ಆ ಮಾತನ್ನು ನೂರು ಸಲ ಕೇಳಿದ್ದಳು. ಅತ್ತೆಯನ್ನು ಆಸ್ಪತ್ರೆಯ ವ್ಯಾನು ಹತ್ತಿಸಿ ಕೆಲಸಕ್ಕೆ ನಡೆದಳು.

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಯಂತ್ರದ ಸದ್ದು ಬದಲಾಯಿತು.

ನಿಯಂತ್ರಣ ಕೊಠಡಿಯ ಫಲಕ ನೋಡುವ ಮೊದಲೇ ಕಾಲಡಿಯ ನೆಲ ಅವಳಿಗೆ ಅದನ್ನು ಹೇಳಿತು. ನಡುಕ ದಪ್ಪವಾಯಿತು, ನಿಧಾನವಾಯಿತು. ಆವರ್ತನ ನಲವತ್ತೊಂಬತ್ತು. ನಲವತ್ತೆಂಟೂವರೆ. ಸೌರ ಮೈದಾನಗಳಿಂದ ಬರುವ ದೊಡ್ಡ ತಂತಿಮಾರ್ಗದ ಗೋಪುರಗಳು ಬಿರುಗಾಳಿಗೆ ಉರುಳಿವೆಯೆಂದು ಗೊತ್ತಾದದ್ದು ಆಮೇಲೆ. ತಕ್ಕಡಿ ತೂಕ ನೋಡಿ ನೋಡಿ ಕಡಿಯುತ್ತಾ ಹೋಯಿತು. ಹನ್ನೊಂದರವರು, ಇಪ್ಪತ್ತರವರು, ಮೂವತ್ತೆಂಟರವರು. ಸಾಲಲಿಲ್ಲ. ಒಂಬತ್ತು ಸೆಕೆಂಡಿನಲ್ಲಿ ಇಡೀ ರಾಜ್ಯದ ಜಾಲ ಕುಸಿಯಿತು. ಗಾಣಿಗನಕೊಳ್ಳದ ಎರಡನೇ ಯಂತ್ರವೂ ತಾನಾಗಿ ಕಳಚಿಕೊಂಡು ನಿಂತಿತು. ಮೊದಲನೆಯದನ್ನು ದುರಸ್ತಿಗೆಂದು ಆಗಲೇ ಬಿಚ್ಚಿ ಹಾಕಲಾಗಿತ್ತು.

ವಿದ್ಯುದಾಗಾರದೊಳಗೆ ಅಷ್ಟೊಂದು ಮೌನವನ್ನು ರಾಜಮಣಿ ಕೇಳಿರಲಿಲ್ಲ. ಎಲ್ಲೋ ಒಂದು ಕೊಳವೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಮೆಕ್ಯಾನಿಕ್ ಜವರಶೆಟ್ಟಿ ಮೆಟ್ಟಿಲು ಹತ್ತಿ ಬಂದ. ಅವಳಿಗಿಂತ ಆರು ವರ್ಷ ದೊಡ್ಡವನು, ಮಾತು ಕಡಿಮೆ.

“ಎಲ್ಲಾನೂ ಹೋಯ್ತಾ ಮೇಡಮ್ನೋರೆ?”

“ಎಲ್ಲಾನೂ. ಯಂತ್ರ ಎಬ್ಬಿಸೋಕೆ ಎಣ್ಣೆ ಒತ್ತಡ ಎಷ್ಟಿದೆ?”

“ಸಾಕಾಯ್ತದೆ. ಬ್ಯಾಟ್ರಿ ಮೂರು ಸಲ ಎತ್ತೋವಷ್ಟು ಅದೆ. ನಾಕ್ನೇದಕ್ಕೆ ಇಲ್ಲ.”

ಸತ್ತ ಜಾಲದಲ್ಲಿ ಹೊರಗಿನ ಕರೆಂಟಿಲ್ಲದೆ ತಾನಾಗಿ ಎದ್ದು ನಿಲ್ಲಬಲ್ಲ ಸ್ಥಾವರಗಳು ಬಹಳ ಕಡಿಮೆ. ಸೌರ ಫಲಕಗಳ ಪರಿವರ್ತಕಗಳಿಗೆ ಅನುಸರಿಸಲು ಒಂದು ಅಲೆ ಬೇಕು. ಅನಿಲ ಸ್ಥಾವರಗಳಿಗೆ ಮೊದಲು ತಮ್ಮದೇ ಪಂಪು, ಫ್ಯಾನುಗಳನ್ನು ತಿರುಗಿಸಲು ಕರೆಂಟು ಬೇಕು. ನೀರಿಗೆ ಅದಾವುದೂ ಬೇಕಿಲ್ಲ. ಬಾಗಿಲು ತೆರೆದರೆ ಅದು ಇಳಿಯುತ್ತದೆ. ಬ್ಯಾಟರಿಯಿಂದ ಯಂತ್ರಕ್ಕೆ ಒಂದಿಷ್ಟು ಕಾಂತಶಕ್ತಿ ಕೊಟ್ಟರೆ ಉಳಿದದ್ದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಜವರಶೆಟ್ಟಿ ಕೆಳಗೆ ನೀರಿನ ದ್ವಾರಗಳ ಹಿಡಿಯನ್ನು ಕೈಯಲ್ಲೇ ತಿರುಗಿಸಿದ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎರಡನೇ ಯಂತ್ರ ಪೂರ್ತಿ ವೇಗಕ್ಕೆ ಬಂತು. ಹಳೆಯ ಕೈಪಿಡಿಯಲ್ಲಿ ಬರೆದಂತೆ ರಾಜಮಣಿ ಮೊದಲು ಹತ್ತಿರದ ಹೊರೆಯನ್ನು ಎತ್ತಿಕೊಂಡಳು: ತಾಳಕೆರೆ ಆಸ್ಪತ್ರೆ, ಕುಡಿಯುವ ನೀರಿನ ಪಂಪುಗಳು. ಯಂತ್ರ ಒಮ್ಮೆ ನರಳಿ ಮತ್ತೆ ನೆಟ್ಟಗಾಯಿತು.

ರಾಜಧಾನಿಯ ಮುಖ್ಯ ನಿಯಂತ್ರಣ ಕೇಂದ್ರದಿಂದ ಕರೆ ಬಂತು. ಮಾತಾಡಿದವರು ಮುಖ್ಯ ನಿಯಂತ್ರಣಾಧಿಕಾರಿ ಶ್ರೀವತ್ಸ ಕೌಲಗಿ. ಅವರನ್ನು ಅವಳು ಸಭೆಗಳಲ್ಲಿ ಎರಡು ಸಲ ಕಂಡಿದ್ದಳು.

“ರಾಜಮಣಿಯವರೇ, ನಿಮ್ಮ ಯಂತ್ರ ಎದ್ದಿರೋದು ಕಾಣಿಸ್ತಿದೆ. ಬಹಳ ಒಳ್ಳೆ ಕೆಲಸ. ಈಗ ಸ್ಥಳೀಯ ಹೊರೆ ಎಲ್ಲ ತೆಗೆದು, ರಾಜಧಾನಿ ಮಾರ್ಗಕ್ಕೆ ಜೋಡಿಸಿ. ಗಣಕಾಗಾರಕ್ಕೆ ಎಂಟೂ ಮೆಗಾವ್ಯಾಟ್ ಬೇಕು.”

“ಸರ್, ಆ ಮಾರ್ಗ ನೂರನಲವತ್ತು ಕಿಲೋಮೀಟರ್ ಇದೆ. ಖಾಲಿ ತಂತಿ ವೋಲ್ಟೇಜು ಉಬ್ಬಿಸುತ್ತೆ. ಈ ಚಿಕ್ಕ ಯಂತ್ರ ತಡ್ಕೊಳ್ಳಲ್ಲ.”

“ತಕ್ಕಡಿ ಲೆಕ್ಕ ಹಾಕಿದೆ.”

“ತಪ್ಪು ಲೆಕ್ಕ ಹಾಕಿದೆ ಸರ್.”

ಅವರು ಫೋನಿಟ್ಟರು. ಎರಡು ನಿಮಿಷ ಕಳೆಯುವಷ್ಟರಲ್ಲಿ ಫಲಕದ ಮೇಲಿನ ದೀಪಗಳು ತಾವಾಗಿಯೇ ಬದಲಾದವು. ರಾಜಧಾನಿಯಿಂದಲೇ ಯಂತ್ರವನ್ನು ಆಡಿಸುವ ವ್ಯವಸ್ಥೆ ನಾಲ್ಕು ವರ್ಷದ ಹಿಂದೆ ಬಂದಿತ್ತು. ಆಸ್ಪತ್ರೆಯ ಮಾರ್ಗ ಕಡಿಯಿತು. ಪಂಪುಗಳ ಮಾರ್ಗ ಕಡಿಯಿತು. ರಾಜಧಾನಿ ಮಾರ್ಗ ಕೂಡಿತು. ವೋಲ್ಟೇಜಿನ ಮುಳ್ಳು ಮೇಲಕ್ಕೆ ಹಾರಿ ತುದಿಗೆ ಬಡಿಯಿತು. ರಕ್ಷಣಾ ಸ್ವಿಚ್ಚುಗಳು ಸಿಡಿದವು. ಯಂತ್ರ ಮತ್ತೆ ನಿಂತಿತು.

ಅದೇ ಹೊತ್ತಿನಲ್ಲಿ ತಾಳಕೆರೆ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಎಂಟು ಜನ ಮಲಗಿದ್ದರು. ಎಂಟು ಜನರ ರಕ್ತವೂ ಕೊಳವೆಗಳಲ್ಲಿ ಮೈಯಿಂದ ಹೊರಗಿತ್ತು. ಆಸ್ಪತ್ರೆಗೆ ಜನರೇಟರ್ ಇರಲಿಲ್ಲ; ಇದ್ದ ಬ್ಯಾಟರಿ ಮೊದಲ ಸಲ ಕರೆಂಟು ಹೋದಾಗಲೇ ಬರಿದಾಗುತ್ತಾ ಬಂದಿತ್ತು. ಎರಡನೇ ಸಲಕ್ಕೆ ಏನೂ ಉಳಿದಿರಲಿಲ್ಲ. ಪಂಪು ನಿಂತರೆ ರಕ್ತ ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ. ಅಂಥ ಹೊತ್ತಿಗೆಂದೇ ಪ್ರತಿ ಯಂತ್ರದ ಬದಿಯಲ್ಲೂ ಒಂದು ಕೈಹಿಡಿ ಇರುತ್ತದೆ. ಅದನ್ನು ತಿರುಗಿಸುತ್ತಾ ರಕ್ತವನ್ನು ಮೈಗೆ ಮರಳಿಸಬೇಕು. ಯಂತ್ರಗಳು ಎಂಟು, ನರ್ಸುಗಳು ಇಬ್ಬರು.

ದೊಡ್ಡತಾಯಮ್ಮ ಮಲಗಿದ್ದಲ್ಲಿಂದಲೇ ಕೂಗಿದಳು:

“ಬಾಗ್ಲಲ್ಲಿ ನಿಂತ್ಕಂಡು ಏನ್ ನೋಡೀರಿ, ಬನ್ರಪ್ಪ ಒಳಿಕೆ. ಒಬ್ಬೊಬ್ರು ಒಂದೊಂದು ಹಿಡ್ಕಳಿ. ಸಿಸ್ಟರು ಹೇಳ್ದಂಗೆ ತಿರುಗ್ಸಿ. ಜೋರಾಗ್ ಬ್ಯಾಡ.”

ರೋಗಿಗಳ ಜೊತೆ ಬಂದವರು ಚಪ್ಪಲಿ ಬಿಟ್ಟು ಒಳಬಂದರು. ಅವಳ ಯಂತ್ರಕ್ಕೆ ಆಳು ಸಾಲಲಿಲ್ಲ; ಹಿಡಿ ಬೇರೆ ಬಿಗಿಯಾಗಿತ್ತು. ಸೂಜಿಯಿಲ್ಲದ ಕೈಯಿಂದ ಅವಳೇ ಅದನ್ನು ಹಿಡಿದು ತಿರುಗಿಸಿದಳು. ಹಿರಿಯ ನರ್ಸು ಇನ್ನೊಬ್ಬ ರೋಗಿಯ ಕೊಳವೆ ಹಿಡಿದುಕೊಂಡೇ, ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು ರಾಜಮಣಿಗೆ ಕರೆ ಮಾಡಿದಳು. ಮೊಬೈಲ್ ಗೋಪುರಗಳ ಬ್ಯಾಟರಿ ಇನ್ನೂ ಇತ್ತು.

“ಮೇಡಂ, ಬಂದ್ಬಿಟ್ಟು ಮತ್ತೆ ಹೋಯ್ತಲ್ಲ. ನಾವ್ ಕೈಯಲ್ಲಿ ತಿರುಗಿಸ್ತಿದ್ದೀವಿ. ನಿಮ್ಮತ್ತೇನೂ ತಿರುಗಿಸ್ತಾವ್ರೆ. ಆರನೇ ಬೆಡ್ಡಿನವರಿಗೆ ತಡ ಆಗೋಯ್ತು, ರಕ್ತ ಕೊಳವೆಯಲ್ಲೇ ಗಟ್ಟಿಯಾಯ್ತು. ಮೇಲ್ಗಡೆ ಹೆರಿಗೆ ಆಪರೇಷನ್ ನಡೀತಿದೆ, ಟಾರ್ಚಲ್ಲಿ. ಎಷ್ಟೊತ್ತಿಗೆ ಬರುತ್ತೆ ಹೇಳಿ.”

ರಾಜಮಣಿ ಫಲಕದ ಮೇಲೆ ಕೀಲಿ ಸಿಕ್ಕಿಸಿದ್ದ ಹಿತ್ತಾಳೆಯ ಸ್ವಿಚ್ಚನ್ನು ನೋಡಿದಳು. ಅದಕ್ಕೆ ಎರಡೇ ಸ್ಥಾನ: ರಿಮೋಟ್, ಲೋಕಲ್. ರಿಮೋಟಿನಲ್ಲಿ ಇರುವವರೆಗೆ ಯಂತ್ರ ರಾಜಧಾನಿಯ ಮಾತು ಕೇಳುತ್ತದೆ. ಅನುಮತಿಯಿಲ್ಲದೆ ಬದಲಿಸಿದರೆ ಕೆಲಸದಿಂದ ತೆಗೆಯಬಹುದೆಂಬ ನಿಯಮದ ಪ್ರತಿಯನ್ನು ಪಕ್ಕದಲ್ಲೇ ತೂಗುಹಾಕಿದ್ದರು.

“ಅರ್ಧ ಗಂಟೆ ಸಿಸ್ಟರ್,” ಎಂದಳು. “ಈ ಸಲ ಬಂದದ್ದು ಹೋಗಲ್ಲ.”

ಸ್ವಿಚ್ಚನ್ನು ಲೋಕಲ್‌ಗೆ ತಿರುಗಿಸಿ ಕೀಲಿ ಕಿತ್ತಳು. ಜವರಶೆಟ್ಟಿ ನೋಡುತ್ತಿದ್ದ.

“ಕೆಲ್ಸ ಒಯ್ತದೆ ಮೇಡಮ್ನೋರೆ.”

“ಗೊತ್ತು ಶೆಟ್ರೆ. ನೀವ್ ಬೇಕಾದ್ರೆ ನಾನ್ ಹೇಳ್ದೆ ಅಂತ ಬರಕೊಡಿ. ಸಹಿ ಹಾಕ್ತೀನಿ.”

“ನಾನ್ಯಾಕ್ ಬರಕೊಡ್ಲಿ,” ಎಂದು ಅವನು ಕೆಳಗಿಳಿದು ಹೋದ.

ಎರಡನೇ ಸಲ ಯಂತ್ರ ಎದ್ದಾಗ ಹನ್ನೆರಡು ಐವತ್ತು. ಅವಳು ಆತುರಪಡಲಿಲ್ಲ. ಆಸ್ಪತ್ರೆ ಮೊದಲು. ಆಮೇಲೆ ನೀರಿನ ಪಂಪು. ಪಂಪುಗಳ ದಪ್ಪ ಮೋಟರುಗಳು ವೋಲ್ಟೇಜನ್ನು ಹತೋಟಿಯಲ್ಲಿಡಲು ನೆರವಾದವು. ತಾಳಕೆರೆ ಪೇಟೆ, ಕೊನೆಗೆ ಹೊಸಸೀಗೂರು ಮತ್ತು ಸುತ್ತಲಿನ ಹನ್ನೆರಡು ಹಳ್ಳಿ. ಎಲ್ಲ ಸೇರಿ ಐದು ಮೆಗಾವ್ಯಾಟ್. ಆವರ್ತನ ಐವತ್ತರಲ್ಲಿ ಕೂತಿತು. ಇಡೀ ರಾಜ್ಯದಲ್ಲಿ ಆ ಹೊತ್ತಿಗೆ ಕರೆಂಟಿದ್ದದ್ದು ಅಲ್ಲಿ ಮಾತ್ರ.

ಒಂದೂವರೆಗೆ ಕೌಲಗಿ ಮತ್ತೆ ಕರೆ ಮಾಡಿದರು. ಈ ಸಲ ಅವರ ದನಿ ತಗ್ಗಿತ್ತು.

“ವೋಲ್ಟೇಜ್ ವಿಷಯ ನೀವು ಹೇಳಿದ್ದೇ ಸರಿ. ಒಪ್ಪಿದೆ. ಈಗ ತೊರೆಮಾವು ಉಪಕೇಂದ್ರದ ಮೂಲಕ ತನ್ನಿ. ಅಲ್ಲಿ ವೋಲ್ಟೇಜ್ ಇಳಿಸೋ ಉಪಕರಣ ಇದೆ. ಈ ದಾರಿ ಆಗುತ್ತೆ, ನಿಮಗೂ ಗೊತ್ತು.”

“ಆಗುತ್ತೆ ಸರ್.”

“ಹಾಗಾದರೆ ಸ್ಥಳೀಯ ಹೊರೆ ತೆಗೆದು ಎಂಟೂ ಕೊಡಿ. ಗಣಕಾಗಾರದ ಬ್ಯಾಟರಿ ಇನ್ನೊಂದು ಗಂಟೆ ಇರುತ್ತೆ, ಅಷ್ಟೆ.”

“ಅದು ಆಗಲ್ಲ.”

“ಈಗ ತಾನೆ ಆಗುತ್ತೆ ಅಂದ್ರಿ.”

“ಯಂತ್ರದಿಂದ ಆಗುತ್ತೆ. ನನ್ನಿಂದ ಆಗಲ್ಲ. ಆಸ್ಪತ್ರೆ ಕಡಿಯಲ್ಲ ಸರ್. ನೀರೂ ಕಡಿಯಲ್ಲ. ನನ್ನ ಹತ್ರ ಮೂರು ಮೆಗಾವ್ಯಾಟ್ ಉಳಿದಿದೆ. ಅದನ್ನ ತೊರೆಮಾವು ಅನಿಲ ಸ್ಥಾವರಕ್ಕೆ ಕೊಡ್ತೀನಿ. ಅವರ ಪಂಪು, ಫ್ಯಾನು ತಿರುಗಿದ್ರೆ ಅವರು ನಾನೂರು ಮೆಗಾವ್ಯಾಟ್ ಹುಟ್ಟಿಸ್ತಾರೆ. ಅದರಲ್ಲಿ ನಿಮ್ಮ ಗಣಕಾಗಾರವೂ ನಡೆಯುತ್ತೆ, ಅರ್ಧ ನಗರವೂ ನಡೆಯುತ್ತೆ.”

“ಪಟ್ಟಿಯಲ್ಲಿ ಗಣಕಾಗಾರ ಮೊದಲು, ತೊರೆಮಾವು ಆಮೇಲೆ.”

“ಪಟ್ಟಿ ಮಾಡಿದ್ದು ಗಣಕಾಗಾರದಲ್ಲಿರೋ ಯಂತ್ರ ಅಲ್ವಾ ಸರ್.”



“ಒಂದು ಮಾತು ಹೇಳ್ತೀನಿ,” ಎಂದರು ಕೌಲಗಿ. “ತಕ್ಕಡಿ ನಿಂತುಹೋದರೆ ಈ ಕೋಣೆಯಲ್ಲಿ ಜಾಲವನ್ನ ಕೈಯಲ್ಲಿ ಕಟ್ಟಬಲ್ಲವರು ಒಬ್ಬರೂ ಇಲ್ಲ. ನಾನೂ ಸೇರಿ. ಹನ್ನೆರಡು ವರ್ಷದಿಂದ ಅದೇ ಮಾಡಿದೆ, ನಾವು ನೋಡಿದ್ದೀವಿ. ಅದಕ್ಕೇ ಕೇಳ್ತಿದ್ದೀನಿ.”

ಅವರ ಭಯ ನಿಜವಾದದ್ದೆಂದು ರಾಜಮಣಿಗೆ ಅರ್ಥವಾಯಿತು. ಅವಳ ಕೋಪ ಅದರಿಂದ ಕಡಿಮೆಯಾಗಲಿಲ್ಲ.

“ನಮಗೆ ಬರುತ್ತೆ ಸರ್. ನಾವು ಕಟ್ಟಿ ಕೊಡ್ತೀವಿ. ದಾರಿ ಬಿಡಿ.”

“ಲಿಖಿತ ಆದೇಶ ಕಳಿಸ್ತಿದ್ದೀನಿ. ಪಾಲಿಸದಿದ್ದರೆ ಮುಂದಿನದಕ್ಕೆ ನೀವೇ ಹೊಣೆ.”

“ಕಳ್ಸಿ. ಓದ್ತೀನಿ.”

ಆದೇಶ ಪರದೆಯ ಮೇಲೆ ಬಂತು. ಅವಳು ಓದಿದಳು. ಅದರ ಕೆಳಗೆ ‘ಓದಿದ್ದೇನೆ, ಪಾಲಿಸುವುದಿಲ್ಲ’ ಎಂದು ಟೈಪು ಮಾಡಿ, ಹೆಸರು, ಹುದ್ದೆ, ಸಮಯ ಹಾಕಿದಳು. ಹೆಸರನ್ನು ಎರಡು ಸಲ ತಿದ್ದಬೇಕಾಯಿತು.

ಆಮೇಲೆ ಮೂಲೆಯಲ್ಲಿದ್ದ ಕಪ್ಪು ಫೋನು ಎತ್ತಿದಳು. ಅದರ ಮಾತು ಹೋಗುವುದು ವಿದ್ಯುತ್ ತಂತಿಗಳ ಮೇಲೆಯೇ. ಹಳೆಯ ಸ್ಥಾವರಗಳ ನಡುವೆ ಮಾತ್ರ ಉಳಿದಿದ್ದ ವ್ಯವಸ್ಥೆ. ನಲವತ್ತು ಕಿಲೋಮೀಟರ್ ಆಚೆ ತೊರೆಮಾವಿನ ಉಸ್ತುವಾರಿ ಲ್ಯಾನ್ಸಿ ಡಿಮೆಲ್ಲೊ ಮೊದಲ ಗಂಟೆಗೇ ಎತ್ತಿದರು. ಮಂಗಳೂರಿನ ಕಡೆಯವರು.

“ರಾಜಮಣಿಯವ್ರಾ? ನಾನು ಇಲ್ಲಿ ಎರಡು ಗಂಟೆ ಹೊತ್ತಿನಿಂದ ಕತ್ತಲೆಯಲ್ಲಿ ಕೂತಿದ್ದೇನೆ ಮಾರಾಯ್ರೆ. ಎಂತ ಕಥೆ?”

“ಮೂರು ಮೆಗಾವ್ಯಾಟ್ ಕೊಟ್ರೆ ಎದ್ದೇಳ್ತೀರಾ?”

“ಮೂರರಲ್ಲಿ ಸ್ವಲ್ಪ ಕಷ್ಟ. ಒಂದೊಂದೇ ಪಂಪು ಎತ್ತಿದ್ರೆ ಆಗ್ತದೆ. ಕೇಂದ್ರದವರು ಒಪ್ಪಿದ್ದಾರಾ?”

“ಇಲ್ಲ. ನಾನ್ ಅವರ ಆದೇಶ ಮೀರಿದ್ದೀನಿ. ನೀವೂ ಮೀರ್ಬೇಕಾಗುತ್ತೆ. ಯೋಚ್ನೆ ಮಾಡಿ ಹೇಳಿ.”

ಲ್ಯಾನ್ಸಿ ಯೋಚಿಸಿದರು. 

“ನನ್ನ ಮಗಳು ರಾಜಧಾನಿಯಲ್ಲಿ ಹನ್ನೆರಡನೇ ಮಹಡಿಯಲ್ಲಿದ್ದಾಳೆ, ಚಿಕ್ಕ ಮಗು ಉಂಟು,” ಎಂದರು. “ನೀರು ಮೇಲೆ ಏರ್ಲಿಕ್ಕಿಲ್ಲ ಈಗ. ನೀವು ಮಾರ್ಗ ಚಾರ್ಜ್ ಮಾಡಿ. ಇಲ್ಲಿ ಸ್ವಿಚ್ಚು ನಾನೇ ಹಾಕ್ತೇನೆ.”

ಮುಂದಿನ ಒಂದೂಮುಕ್ಕಾಲು ಗಂಟೆ ಅವರಿಬ್ಬರೂ ಫೋನು ಕೆಳಗಿಡಲಿಲ್ಲ. ಅನಿಲ ಸ್ಥಾವರದ ಒಂದೊಂದು ಮೋಟರು ಎದ್ದಾಗಲೂ ಹೊರೆ ತಟ್ಟನೆ ಏರಿ ಎರಡನೇ ಯಂತ್ರದ ವೇಗ ಕುಗ್ಗುತ್ತಿತ್ತು. ಲ್ಯಾನ್ಸಿ ಹತ್ತರಿಂದ ಕೆಳಕ್ಕೆ ಎಣಿಸುತ್ತಿದ್ದರು. ಅವರ ಎಣಿಕೆ ಕೇಳಿ ರಾಜಮಣಿ ತೆರೆದ ಕಿಟಕಿಯಿಂದ ಬೆರಳೆತ್ತಿದರೆ ಕೆಳಗಿದ್ದ ಜವರಶೆಟ್ಟಿ ಮೋಟರು ಏಳುವ ಅರ್ಧ ಕ್ಷಣ ಮೊದಲೇ ನೀರಿನ ದ್ವಾರ ಹಿಗ್ಗಿಸುತ್ತಿದ್ದ. ಆರನೇ ಮೋಟರಿಗೆ ಆವರ್ತನ ನಲವತ್ತೆಂಟಕ್ಕೆ ಬಿತ್ತು. ಫಲಕದಲ್ಲಿ ಕೆಂಪು ದೀಪ ಮಿನುಗಿತು. ಆಸ್ಪತ್ರೆಯ ಮಾರ್ಗ ಬಿಟ್ಟರೆ ಯಂತ್ರ ಸುಲಭವಾಗಿ ಉಸಿರಾಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಆ ಸ್ವಿಚ್ಚಿನ ಕಡೆ ತಿರುಗಲಿಲ್ಲ.

“ಶೆಟ್ರೆ, ಇನ್ನಷ್ಟು.”

“ಪೂರ್ತಿ ತೆಗ್ದಾಯ್ತು ಮೇಡಮ್ನೋರೆ.”

“ಹಾಗೇ ಹಿಡ್ಕೊಳ್ಳಿ.”

ಹನ್ನೊಂದು ಸೆಕೆಂಡು. ಕೊಳವೆಯೊಳಗಿನ ನೀರು ಹೊಸ ವೇಗಕ್ಕೆ ಬರಲು ಅಷ್ಟು ಬೇಕಿತ್ತು. ಆಮೇಲೆ ಮುಳ್ಳು ನಿಧಾನವಾಗಿ ಮೇಲೆ ಬಂತು.

ಮೂರೂಮುಕ್ಕಾಲಿಗೆ ಲ್ಯಾನ್ಸಿ, “ಹತ್ತಿಕೊಂಡಿತು,” ಎಂದರು.  ಅಲ್ಲಿಂದ ಮುಂದೆ ರಾಜಧಾನಿಯನ್ನು ಬಡಾವಣೆ ಬಡಾವಣೆಯಾಗಿ ಎತ್ತಿದ್ದು ತೊರೆಮಾವು. ಯಾವುದು ಮೊದಲು ಎಂದು ಫೋನಿನಲ್ಲಿ ಇಬ್ಬರೂ ಮಾತಾಡಿಕೊಂಡರು: ಆಸ್ಪತ್ರೆಗಳು, ನೀರು, ಮೆಟ್ರೊ ಸುರಂಗ, ಆಮೇಲೆ ಉಳಿದದ್ದು. ಕೌಲಗಿ ಕೊನೆಗೆ ಬೇರೆ ದಾರಿಯಿಲ್ಲದೆ ಅವರು ಹೇಳಿದ ಸ್ವಿಚ್ಚುಗಳನ್ನು ಹಾಕಿಸಿದರು. ಗಣಕಾಗಾರ ಎರಡೂವರೆ ಗಂಟೆ ಸತ್ತಿತ್ತು. ಸಂಜೆ ಆರಕ್ಕೆ ಮುಕ್ಕಾಲು ನಗರಕ್ಕೆ ಕರೆಂಟು ಬಂದಿತ್ತು.

ಏಳಕ್ಕೆ ರಾಜಮಣಿ ಮನೆಗೆ ಬಂದಾಗ ದೊಡ್ಡತಾಯಮ್ಮ ಗೋಡೆಗೊರಗಿ ಕೂತಿದ್ದಳು. ಬಲಗೈ ಊದಿಕೊಂಡಿತ್ತು.

“ಆರ್ನೇ ಮಂಚದೋರು ಹೋಗ್ಬುಟ್ರು ಕನವ್ವ,” ಎಂದಳು. “ಸಿದ್ದಮ್ಮ ಅಂತ. ಕೂಲಿಗೋಗೋಳು.”

ರಾಜಮಣಿ ಚಪ್ಪಲಿ ಬಿಡದೆ ಅಲ್ಲೇ ಕೂತಳು. ಮೊದಲ ಸಲ ಎತ್ತಿದಾಗಲೇ ಕೀಲಿ ಕಿತ್ತಿದ್ದರೆ ಆ ಅರ್ಧ ಗಂಟೆ ಕರೆಂಟು ಹೋಗುತ್ತಿರಲಿಲ್ಲ. ಇಡೀ ದಿನ ಹೊಳೆಯದ ಈ ವಿಷಯ ಈಗ ಹೊಳೆಯಿತು. ಅತ್ತೆಗೆ ಅದನ್ನು ಹೇಳಿದಳು.

“ನೀ ಕಡಿಲಿಲ್ವಲ್ಲ,” ಎಂದಳು ದೊಡ್ಡತಾಯಮ್ಮ.

“ಕಡಿಯಕ್ಕೆ ಬಿಟ್ಟೆ ಅತ್ತೆ.”

ದೊಡ್ಡತಾಯಮ್ಮ ಊದಿದ ಕೈಯನ್ನು ಸೊಸೆಯ ಮೊಣಕಾಲ ಮೇಲಿಟ್ಟಳು.

ವಿಚಾರಣೆ ಜೂನ್ ಕೊನೆಯಲ್ಲಿ ರಾಜಧಾನಿಯಲ್ಲಿ ನಡೆಯಿತು. ಮೂವರು ಸದಸ್ಯರ ಸಮಿತಿ, ಅಧ್ಯಕ್ಷೆ ಒಬ್ಬ ನಿವೃತ್ತ ಇಂಜಿನಿಯರ್. ರಾಜಮಣಿಯನ್ನು ಅಷ್ಟರಲ್ಲಿ ಅಮಾನತು ಮಾಡಿದ್ದರು. ಗಣಕಾಗಾರದ ಪರವಾಗಿ ಬಂದ ವಕೀಲ ಕೇಳಿದ:

“ಆ ಆಸ್ಪತ್ರೆಯಲ್ಲಿ ನಿಮ್ಮ ಸ್ವಂತ ಅತ್ತೆ ಇದ್ದರು. ಹೌದೋ ಅಲ್ಲವೋ?”

“ಹೌದು.”

“ಅಂದರೆ ನಿಮ್ಮ ಮನೆಯವರಿಗಾಗಿ ರಾಜ್ಯವನ್ನೇ ಕಾಯಿಸಿದಿರಿ.”

“ನನ್ನತ್ತೆ ಅಲ್ಲಿರದಿದ್ರೂ ಅದನ್ನೇ ಮಾಡ್ತಿದ್ದೆ. ನೀವು ನಂಬಬೇಕು ಅಂತೇನಿಲ್ಲ. ನಿಮ್ಮವರು ಯಾರಾದ್ರೂ ಅಲ್ಲಿ ಮಲಗಿದ್ರೆ ನೀವ್ ಏನ್ ಮಾಡ್ತಿದ್ರಿ ಅಂತ ಯೋಚಿಸಿ.”

“ಮೆಟ್ರೊ ಸುರಂಗದಲ್ಲಿ ಎರಡು ಸಾವಿರ ಜನ ಸಿಕ್ಕಿಕೊಂಡಿದ್ದರು. ನೀವು ಆದೇಶ ಪಾಲಿಸಿದ್ದರೆ ಅವರು ಬೇಗ ಹೊರಬರುತ್ತಿದ್ದರು.”

ಉತ್ತರ ಕೊಟ್ಟದ್ದು ಸಾಕ್ಷಿಯಾಗಿ ಕೂತಿದ್ದ ಕೌಲಗಿ. ಯಾರೂ ಅವರನ್ನು ಕೇಳಿರಲಿಲ್ಲ.

“ಇಲ್ಲ,” ಎಂದರು ಅವರು. “ನಾನು ಕೇಳಿದ ಎಂಟು ಮೆಗಾವ್ಯಾಟಿನಲ್ಲಿ ಸುರಂಗಕ್ಕೆ ಒಂದು ದೀಪದಷ್ಟೂ ಹೋಗುತ್ತಿರಲಿಲ್ಲ. ಅವರು ಮಾಡಿದ್ದರಿಂದಲೇ ಆ ಜನ ಅಂದು ಹೊರಬಂದರು. ಆಸ್ಪತ್ರೆಯ ಮಾರ್ಗ ಮೊದಲು ಕಡಿದದ್ದು ನಾನು. ಅದು ದಾಖಲಾಗಲಿ.”

ವರದಿಯಲ್ಲಿ ಎರಡು ಭಾಗವಿತ್ತು. ಜಾಲ ಕುಸಿದಾಗ ಆಸ್ಪತ್ರೆ ಮತ್ತು ನೀರು ಮೊದಲು, ಆಮೇಲೆ ಸ್ಥಾವರಗಳು ಎಂದು ಹೊಸ ನಿಯಮ ಬರೆದರು. ಗಾಣಿಗನಕೊಳ್ಳವನ್ನು ಮುಚ್ಚುವ ತೀರ್ಮಾನ ಕೈಬಿಟ್ಟರು. ಎರಡನೇ ಭಾಗ ರಾಜಮಣಿಯ ಬಗ್ಗೆ: ಮುಂದೆಂದೂ ಆದೇಶ ಮೀರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಕೆಲಸಕ್ಕೆ ಮರಳಬಹುದು.

ಅಧ್ಯಕ್ಷೆ ಕಾಗದವನ್ನು ಅವಳ ಮುಂದೆ ಸರಿಸಿ, “ಒಂದು ಸಹಿ ಅಷ್ಟೆ. ನಿಮ್ಮಂಥವರು ಅಲ್ಲಿರಬೇಕು,” ಎಂದರು.

“ಇದಕ್ಕೆ ಸಹಿ ಹಾಕಿದ್ರೆ ನನ್ನಂಥವಳು ಅಲ್ಲಿರಲ್ಲ ಮೇಡಂ,” ಎಂದು ರಾಜಮಣಿ ಕಾಗದ ಹಿಂದಕ್ಕೆ ಸರಿಸಿದಳು. ಅವಳ ಕೆಲಸ ಹೋಯಿತು.

ಕಾಲೊನಿಯ ಮನೆ ಬಿಟ್ಟು ಅತ್ತೆ ಸೊಸೆ ಹೊಸಸೀಗೂರಿಗೆ ಬಂದರು. ಕುಸಿತದ ದಿನದ ನಿಯಮವೇನೋ ಬದಲಾಗಿತ್ತು. ಉಳಿದ ದಿನಗಳಿಗೆ ತಕ್ಕಡಿಯ ಪಟ್ಟಿ ಹಾಗೆಯೇ ಇತ್ತು. ಮೊದಲ ವಾರವೇ ಮಧ್ಯಾಹ್ನ ಎರಡಕ್ಕೆ ಮೀಟರು ಆರಿತು. ಎದುರುಮನೆಯ ಹಿಟ್ಟಿನ ಗಿರಣಿ ನಡುವೆಯೇ ನಿಂತಿತು. ಸಾಲಿನಲ್ಲಿದ್ದ ಹೆಂಗಸರು ಪಾತ್ರೆ ತಲೆಯ ಮೇಲಿಟ್ಟು, ರಾಜಮಣಿಯ ಜಗಲಿಗೆ ಬಂದು ಕೂತರು. ತೂಕ ಎಂದರೇನು, ಅದನ್ನು ಹೇಗೆ ಹಾಕುತ್ತಾರೆ, ಯಾರನ್ನು ಕೇಳಬೇಕು ಎಂದು ಒಬ್ಬಳು ಕೇಳಿದಳು. ರಾಜಮಣಿ ಹೇಳುತ್ತಾ ಹೋದಳು. ಮರುದಿನ ಇನ್ನಷ್ಟು ಜನ ಬಂದರು. ಆಮೇಲೆ ಪಕ್ಕದ ಹಳ್ಳಿಗಳವರು ಬಂದರು. ಬೇರೆ ಜಲಾಶಯಗಳಿಗಾಗಿ ಎಬ್ಬಿಸಿದ ಊರುಗಳವರು ಕರೆ ಮಾಡಿದರು.

ವಿದ್ಯುತ್ ಆಯೋಗದ ಮುಂದೆ ಅವರೆಲ್ಲರ ಅರ್ಜಿ ಬಂದದ್ದು ಮರುವರ್ಷದ ಫೆಬ್ರವರಿಯಲ್ಲಿ. ಪ್ರತಿ ಮನೆಯ ತೂಕವೂ ಒಂದೇ ಇರಬೇಕು, ಕೊರತೆ ಬಂದರೆ ಎಲ್ಲರಿಗೂ ಪಾಳಿ ಬರಬೇಕು, ಗಣಕಾಗಾರಕ್ಕೂ. ಬೇಡಿಕೆ ಅಷ್ಟೇ. ರಾಜಮಣಿ ವಕೀಲರನ್ನು ಇಟ್ಟುಕೊಳ್ಳದೆ ತಾನೇ ಎದ್ದು ನಿಂತಿದ್ದಳು. ಆಯೋಗದ ಹಿರಿಯ ಸದಸ್ಯರು ಕಡತವನ್ನು ಮುಂದಕ್ಕೂ ಹಿಂದಕ್ಕೂ ತಿರುವಿದರು.

“ಅರ್ಜಿದಾರರು ಎಷ್ಟು ಜನ ಅಂತ ಬರೆದಿದ್ದೀರಿ?”

“ಹನ್ನೊಂದು ಸಾವಿರದ ನಾನೂರ ಆರು.”

“ಇಷ್ಟು ಜನರ ಸಹಿ ಯಾರು ಬೇಕಾದರೂ ಗುಡ್ಡೆ ಹಾಕಬಹುದು. ನಿಜವಾಗಿ ಇವರಿಗೆ ಇದು ಬೇಕಾಗಿದೆ ಅಂತ ಹೇಗೆ ನಂಬೋದು? ಇವತ್ತು ಯಾರಾದರೂ ಬಂದಿದ್ದಾರೆಯೆ?”

ರಾಜಮಣಿ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ದೊಡ್ಡತಾಯ‌ಮ್ಮ ಕೋಲೂರಿ ಎದ್ದಳು.

“ನಾನ್ ಬಂದಿವ್ನಿ ಸ್ವಾಮಿ,” ಎಂದಳು. “ಮಿಕ್ಕೋರ್ನ ನಿಮ್ ಪೋಲೀಸ್ನೋರು ಒಳಿಕೆ ಬಿಡ್ನಿಲ್ಲ. ರಸ್ತೇಲಿ ನಿಂತವ್ರೆ. ಆ ಕಿಟ್ಕಿ ವಸಿ ತೆಗ್ಸಿ.”

ಸದಸ್ಯರು ಜವಾನನ ಕಡೆ ನೋಡಿದರು. ಅವನು ಹೋಗಿ ಕಿಟಕಿ ತೆಗೆದ.